ಬೀಸುಕಲ್ಲಿನ ಅರ್ಧ ಸುತ್ತು

ಹುಚ್ಚೀರಪ್ಪನ ಹೆಂಡತಿ ಪಾರವ್ವ ತೀರಿಕೊಂಡು ಮೂರು ತಿಂಗಳಾಗಿತ್ತು. ಅವನು ಊರೂರು ತಿರುಗಿದ. ಗುಡಿಗುಡಿ ಸುತ್ತಿದ. ಹಾಸಿಗೆಯಲ್ಲಿ ಹೊರಳಾಡಿದ. ಎತ್ತ ಹೋದರೂ ಮನಸ್ಸು ಗಿರಕಿ ಹೊಡೆದು ಅವಳ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಕಡೆಗೆ ಹೊಳೆದಂಡೆಯ ಮಠಕ್ಕೆ ಬಂದು ಅಜ್ಜಾರ ಕಾಲಿಗೆ ಬಿದ್ದ.

“ಆಕಿನ್ನ ಮರಿಬೇಕ್ರಿ ಅಜ್ಜಾರ. ಒಂದು ಮಂತ್ರ ಕೊಡ್ರಿ.”

“ಜ್ವಾಳ ಬೀಸಾಕ ಬರ್ತೈತೇನು?”

“ಬರ್ತೈತ್ರಿ. ಇಪ್ಪತ್ತು ವರ್ಷ ಬೀಸೇನಿ. ಗಂಡಸಾಗಿ ಬೀಸ್ತಾನ ಅಂತ ಓಣಿಯೆಲ್ಲಾ ನಗತಿತ್ತು.”

“ಮೊದಲು ಬೀಸು. ಮಂತ್ರ ಆಮ್ಯಾಲೆ.”

ಹುಚ್ಚೀರಪ್ಪ ಬೀಸುಕಲ್ಲಿನ ಮುಂದೆ ಕೂತ. ಗೂಟ ಹಿಡಿದು ನೂಕಿದ. ಕಲ್ಲು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ನೂಕಿದ. ಮತ್ತೆ ಅರ್ಧಕ್ಕೇ ನಿಂತಿತು.

ಮಠದಲ್ಲಿ ಅಡುಗೆ ಮಾಡುವ ಚೆನ್ನಬಸವ್ವ ಬಂದು ನೋಡಿದಳು.

“ಯಪ್ಪಾ, ಇದು ಹಿಟ್ಟಲ್ಲ, ನುಚ್ಚು. ಇದರಾಗ ರೊಟ್ಟಿ ಬಡಿಯಾಕ ಆಗ್ತೈತೇನು? ಇಪ್ಪತ್ತು ವರ್ಷ ಕಲ್ಲಿನ ಮುಂದ ಕುಂತು ತೂಕಡಿಸಿದೇನು?”

ಮೂರನೆಯ ದಿನ ಅವನು ಗಂಟು ಕಟ್ಟಿದ.

“ನನ್ನಿಂದ ಆಗಂಗಿಲ್ರಿ ಅಜ್ಜಾರ. ಕೈ ಅರ್ಧಕ್ಕ ನಿಲ್ತೈತಿ.”

“ಯಾಕ?”

“ಎದುರಾಬದುರಾ ಕುಂತು ಬೀಸ್ತಿದ್ವಿ. ಅರ್ಧ ಸುತ್ತು ನಂದು, ಅರ್ಧ ಆಕಿದು. ನನ್ನ ಅರ್ಧ ಮುಗಿದ ಕೂಡಲೆ ಕೈ ಆಕಿ ದಾರಿ ನೋಡ್ತೈತ್ರಿ.”

ಅಜ್ಜಾರು ಅವನ ಎದುರಿಗೆ ಕೂತು ಗೂಟಕ್ಕೆ ಕೈ ಹಚ್ಚಿದರು.

ಕಲ್ಲು ಗರಗರ ತಿರುಗಿತು. ಹುಚ್ಚೀರಪ್ಪ ಕಣ್ಣು ಮುಚ್ಚಿದ. ಬೀಸುವಾಗ ಪಾರವ್ವ ಓಣಿಯ ಸುದ್ದಿಯೆಲ್ಲ ಹೇಳುವವಳು. ಅವನು ಹೂಂಗುಟ್ಟುವವನು. ಈಗಲೂ ಒಮ್ಮೆ “ಹೂಂ” ಅಂದ.

ಕಣ್ಣು ತೆರೆದರೆ ಅಜ್ಜಾರ ಕೈ ಅವರ ತೊಡೆಯ ಮೇಲಿತ್ತು. ಕಲ್ಲು ತಿರುಗುತ್ತಲೇ ಇತ್ತು.

ಬೆಂಕಿ ಮುಟ್ಟಿದವನಂತೆ ಗೂಟ ಬಿಟ್ಟ.

“ಯಾವಾಗ ಕೈ ತೆಗೆದ್ರಿ?”

“ಆಗಲೇ. ನೀ ಒಬ್ಬನ ಒಂದು ಸೇರು ಬೀಸಿದಿ.”

ಹುಚ್ಚೀರಪ್ಪನ ಮುಖ ಬಿಳುಚಿತು. “ಹಂಗಾರ ಆಕಿನ್ನ ಮರತೇಬಿಟ್ನೇನ್ರಿ?”

“ಮರಿಬೇಕಂತ ಬಂದಾಂವ ನೀನ ಅಲ್ಲೇನು?”

“ಬ್ಯಾಡ್ರಿ. ನನಗ ಆ ಮಂತ್ರ ಬ್ಯಾಡ್ರಿ.”

ಅಜ್ಜಾರು ಅವನ ಬಲಗೈ ಹಿಡಿದು ಅಂಗೈ ತಿರುವಿ ನೋಡಿದರು.

“ನಿನ್ನ ಅರ್ಧ ನಿನಗ ಗೊತ್ತಿತ್ತು. ಆಕಿ ಅರ್ಧ ಈ ಕೈಗೆ ಯಾರು ಕಲಿಸಿದ್ರು?”

ಹುಚ್ಚೀರಪ್ಪ ತನ್ನ ಕೈ ನೋಡಿಕೊಂಡ. ಬಹಳ ಹೊತ್ತು ನೋಡಿಕೊಂಡ. ಅಳು ಬಂತು. ಅಳುವಿನ ಬೆನ್ನಿಗೇ ನಗುವೂ ಬಂತು. ತಲೆಹೊರೆ ಇಳಿಸಿದವನ ಹಾಗೆ ದೊಡ್ಡ ಉಸಿರು ಬಿಟ್ಟು, ಉಳಿದ ಜೋಳವನ್ನು ಕಲ್ಲಿಗೆ ಹಾಕಿದ.

ಹೊತ್ತೇರಿದ ಮೇಲೆ ಚೆನ್ನಬಸವ್ವ ಬಂದು ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

“ಅಬ್ಬಬ್ಬಾ, ಏನು ನುಣ್ಣಗ ಬಂದೈತಿ! ಇವತ್ತು ಯಾರು ಬೀಸಿದ್ರಿ ಅಜ್ಜಾರ?”

“ಗಂಡ ಹೆಂಡ್ತಿ ಕೂಡಿ ಬೀಸ್ಯಾರ. ನೀ ರೊಟ್ಟಿ ಬಡಿ.”