ಹದಿನೇಳನೇ ಕಂಬಕ್ಕೆ ಒರಗಿದವನು

ಒಂದಾನೊಂದು ಊರಿನಲ್ಲಿ ಒಂದು ಕಂಬ ಇತ್ತು. ಊರು ಯಾವುದು ಅಂತ ಕೇಳಬೇಡಿ, ಆ ಊರಿನವರಿಗೆ ಬೇಜಾರಾಗುತ್ತದೆ. ಕಂಬ ಯಾವುದು ಅಂತ ಕೇಳಿ, ಹೇಳುತ್ತೇನೆ. ಅರಮನೆಯ ಹದಿನೇಳನೇ ಕಂಬ.

ಬೆಂಕಿಗೆ ಇನ್ನಷ್ಟು ಹತ್ತಿರ ಬನ್ನಿ. ಸಂತೆ ನೆರೆಯೋದಕ್ಕೆ ಇನ್ನೂ ಹೊತ್ತಿದೆ. ಹತ್ತಿ ಗಿರಣಿಯಲ್ಲಿ ಗಂಟೆ ಹೊಡೆಯುವ ನಮ್ಮ ಗುರುಬಸಪ್ಪ ಬೆಳಗ್ಗೆ ಬೆಳಗ್ಗೆ ಬಂದು ಒಂದು ಮಾತು ಕೇಳಿದ್ದಾನೆ. 'ಕೊಟ್ರಪ್ಪಣ್ಣ, ಇರೋ ಕೆಲಸ ಬಿಟ್ಟು ನಿಮ್ಮ ಹಾಗೆ ಸಂತೆಯಿಂದ ಸಂತೆಗೆ ಸುತ್ತಿಕೊಂಡು ಆರಾಮಾಗಿ ಇರೋಣ ಅಂತಿದ್ದೀನಿ. ಬಿಡೋಕೆ ಸರಿಯಾದ ಹೊತ್ತು ಯಾವುದು?' ಕೇಳಬಾರದವನನ್ನು ಕೇಳಿದ್ದಾನೆ. ಅದಕ್ಕೇ ಈ ಕತೆ.

ಆ ಊರಿನ ರಾಜನಿಗೆ ಒಂದೇ ಚಿಂತೆ. ಯುದ್ಧದ್ದಲ್ಲ, ಮಳೆಯದ್ದಲ್ಲ. ಕಂಬಗಳಿಗೆ ದಣಿವಾದರೆ ಏನು ಗತಿ ಅನ್ನೋದು. ಹದಿನಾರು ಕಂಬ ಗಟ್ಟಿಮುಟ್ಟಾಗಿದ್ದವು. ಹದಿನೇಳನೆಯದು ಒಂದು ಮಧ್ಯಾಹ್ನ ಆಕಳಿಸಿತು ಅಂತ ಅವನಿಗೆ ಅನುಮಾನ. 'ಇದಕ್ಕೊಂದು ಆಸರೆ ಬೇಕು' ಅಂದ. ಒಬ್ಬನನ್ನು ಕೆಲಸಕ್ಕೆ ಇಟ್ಟರು. ಬೆಳಗ್ಗೆ ಬಂದು ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು, ಸಂಜೆ ಮನೆಗೆ ಹೋಗಬೇಕು. ಕಾಯಂ ಕೆಲಸ. ವರ್ಷಕ್ಕೆ ಎರಡು ಪಂಚೆ. ಅಮಾವಾಸ್ಯೆಗೆ ರಜೆ. ಅಮಾವಾಸ್ಯೆ ದಿನ ಕಂಬ ಹೇಗೆ ನಿಲ್ಲುತ್ತಿತ್ತು ಅಂತ ಯಾರೂ ಕೇಳಲಿಲ್ಲ.

ಆ ಮನುಷ್ಯನ ಹೆಸರು... ಹೆಸರು ಯಾಕೆ ಬೇಕು, ಬಿಡಿ.

'ಯಾಕೆ ಬೇಡ? ಹೇಳ್ರಿ' ಅಂತಿದ್ದಾಳೆ ನೋಡಿ, ಭಟ್ಟಿ ಮುಂದೆ ಮಂಡಕ್ಕಿ ಹುರೀತಾ ಕೂತಿರೋ ನನ್ನ ಹೆಂಡತಿ ಹಾಲಮ್ಮ.

ಸರಿ. ಆ ಮನುಷ್ಯ ನಾನೇ. ನನ್ನ ಮುಖ ನೋಡಬೇಡಿ, ಬೆಂಕಿ ನೋಡಿಕೊಂಡು ಕೇಳಿ.

ಹನ್ನೊಂದು ವರ್ಷ ಒರಗಿದೆ. ಆಮೇಲೆ ಒಂದು ದಿನ ಹಾಲಮ್ಮ ಅಂದಳು, 'ಇಬ್ಬರೂ ಹೊರಟುಬಿಡೋಣ್ರಿ. ಇವತ್ತು ಈ ಸಂತೆ, ನಾಳೆ ಆ ಸಂತೆ. ಮಂಡಕ್ಕಿ ಹುರಿಯೋದು ನನಗೆ ಗೊತ್ತು. ಮಾರೋಕೆ ನಿಮಗೆ ಬಾಯಿದೆ.' ನನಗೂ ಅದೇ ಆಸೆ. ಕೂಡಲೇ ರಾಜನ ಹತ್ತಿರ ಹೋಗಿ ಕೆಲಸ ಬಿಡ್ತೀನಿ ಅಂದೆ. ರಾಜ ಒಳ್ಳೆಯವನು. 'ಹಾಗೇ ಕಳಿಸೋಕಾಗುತ್ತಾ? ಗುರುವಾರ ಬೀಳ್ಕೊಡುಗೆ ಸಮಾರಂಭ ಇಟ್ಟುಕೊಳ್ಳೋಣ' ಅಂದ.

ಗುರುವಾರ ಬಂತು. ಶಾಲು ಹೊದಿಸಿದರು. ಹಾರ ಹಾಕಿದರು. ಬಾಳೆಹಣ್ಣಿನ ಬುಟ್ಟಿ ಕೊಟ್ಟರು. 'ಎರಡು ಮಾತಾಡಿ' ಅಂದರು. ನಾನು ಕಂಬಕ್ಕೆ ಒರಗಿ, ಕಣ್ಣು ಮುಚ್ಚಿಕೊಂಡು ಮಾತಾಡಿದೆ. ಕಣ್ಣು ಮುಚ್ಚದೆ ನನಗೆ ಭಾಷಣ ಬರೋದಿಲ್ಲ. 'ಹಸಿವಾದಲ್ಲಿ ಉಣ್ಣೋದು. ನಿದ್ದೆ ಬಂದಲ್ಲಿ ಮಲಗೋದು. ಇವತ್ತು ಸೋಮವಾರ ಅಂತ ಕಾಲಿಗೆ ಗೊತ್ತಾಗಬಾರದು. ಅದು ಬದುಕು' ಅಂದೆ. ಕಣ್ಣು ಬಿಟ್ಟರೆ ಎಲ್ಲರೂ ಅಳುತ್ತಿದ್ದರು. ರಾಜ ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡ. ಹೊರಗೆ ಬಾಗಿಲಲ್ಲಿ ಹಾಲಮ್ಮ ರೊಟ್ಟಿ ಬುತ್ತಿ ಕಟ್ಟಿಕೊಂಡು ಕಾಯುತ್ತಿದ್ದಳು.

ನಾನು ಅವಳ ಹತ್ತಿರ ಹೋಗಿ, 'ಇವತ್ತು ಬೇಡ ಕಣೆ, ಮೋಡ ಇದೆ' ಅಂದೆ.

ಮೋಡ ಇರಲಿಲ್ಲ. ಇಬ್ಬರೂ ಮನೆಗೆ ಹೋಗಿ ಬುತ್ತಿ ಬಿಚ್ಚಿ ಉಂಡೆವು. ಬಾಳೆಹಣ್ಣೂ ತಿಂದೆವು. ಶುಕ್ರವಾರ ಬೆಳಗ್ಗೆ ನಾನು ಕಂಬದ ಮುಂದೆ ನಿಂತಿದ್ದೆ.

'ಬಂದೆಯಾ?' ಅಂತು ಕಂಬ.

'ಬಂದೆ.'

'ಯಾಕೆ?'

'ನೀನು ಬೀಳ್ತೀಯಲ್ಲ.'

'ನಾನು ಹೇಳಿದೆನಾ?' ಅಂತು ಕಂಬ. ನಾನು ಒರಗಿಕೊಂಡೆ.

ಈಗ ರಾಜನಿಗೆ ಫಜೀತಿ. ಬೀಳ್ಕೊಟ್ಟವನನ್ನು ಬಾ ಅನ್ನೋ ಹಾಗಿಲ್ಲ. ಬಂದವನನ್ನು ಹೋಗು ಅನ್ನೋ ಹಾಗಿಲ್ಲ. ಮಂತ್ರಿ ಯೋಚನೆ ಮಾಡಿ, 'ಬೀಳ್ಕೊಟ್ಟ ಮೇಲೂ ಇದ್ದಾನೆ ಅಂದರೆ ಬೀಳ್ಕೊಟ್ಟದ್ದು ಸಾಲಲಿಲ್ಲ ಅಂತ ಅರ್ಥ. ಇನ್ನೊಂದು ಸಲ ಬೀಳ್ಕೊಡೋಣ' ಅಂದ. ರಾಜನಿಗೆ ಖುಷಿಯಾಯಿತು. ಗುರುವಾರ ಅತ್ತಿದ್ದರಿಂದ ಶುಕ್ರವಾರ ಅವನಿಗೆ ಮಲವಿಸರ್ಜನೆ ಸಲೀಸಾಗಿತ್ತಂತೆ.

ಹಾಗೆ ಮುಂದಿನ ಗುರುವಾರ ಮತ್ತೆ ಶಾಲು. ಮತ್ತೆ ಹಾರ. ಮತ್ತೆ ಭಾಷಣ. ಮತ್ತೆ ಬುತ್ತಿ. ಈ ಸಲ 'ಹೊಸ ಪಂಚೆ ಕೊಡೋ ತಿಂಗಳು, ಇಸಕೊಂಡು ಹೋಗೋಣ' ಅಂದೆ. ಮನೆಗೆ ಹೋಗಿ ಬುತ್ತಿ ಉಂಡೆವು. ಶುಕ್ರವಾರ ಕಂಬ ಕೇಳಿತು, 'ಬಂದೆಯಾ?'

'ಬಂದೆ.'

ಮೂರನೇ ಗುರುವಾರ ಒಂದು ವಿಚಿತ್ರ ಆಯಿತು. ನಾನು ಕಣ್ಣು ಮುಚ್ಚಿ 'ನಿದ್ದೆ ಬಂದಲ್ಲಿ ಮಲಗೋದು' ಅನ್ನುತ್ತಿದ್ದ ಹಾಗೇ ರಾಜನ ಎಡಮೀಸೆಗೆ ಎಣ್ಣೆ ಹಚ್ಚುವವನು ಎದ್ದು ಹೋದ. ಶಾಲು ಕೇಳಲಿಲ್ಲ, ಹಾರ ಕೇಳಲಿಲ್ಲ. ಎಣ್ಣೆ ಬಟ್ಟಲನ್ನು ನೆಲಕ್ಕಿಟ್ಟು ಹೋದ. ಮುಂದಿನ ವಾರ ಬಲಮೀಸೆಯವನು ಹೋದ. ಆಮೇಲೆ ಆನೆ ಹೋಯಿತು. ಆನೆ ಹೋದ ಮೇಲೆ ಮಾವುತ ಎಲ್ಲಿ ಕೂರಬೇಕು? ಅವನೂ ಹೋದ. ಅಡುಗೆಯವನು ಸಾರು ಕುದಿಯುತ್ತಿರುವಾಗಲೇ ಹೋದ. ಸಾರು ಒಲೆ ಆರಿಸಿ ತಾನೂ ಹೋಯಿತು.

ನನ್ನ ಮಾತು ಕೇಳಿ ಅವರು ಹೋದರು. ಅದೇ ಮಾತು ಆಡಿ ನಾನು ಉಳಿದೆ. ನಾಚಿಕೆ ಆಗಲಿಲ್ಲವಾ ಅಂತ ಕೇಳಿದರೆ, ಆಯಿತು. ನಾಚಿಕೆ ಆದಾಗಲೆಲ್ಲ ಮುಂದಿನ ಭಾಷಣ ಇನ್ನಷ್ಟು ಚೆನ್ನಾಗಿ ಮಾಡಿದೆ.

ಏಳನೇ ಗುರುವಾರ ಹಾಲಮ್ಮ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಕೂತು ಇಡೀ ಭಾಷಣ ಕೇಳಿದಳು. ಮುಗಿದ ಮೇಲೆ ಅಂದಳು, 'ಚೆನ್ನಾಗಿ ಹೇಳಿದ್ರಿ. ನನಗೆ ದಾರಿ ಕಾಣಿಸ್ತು. ಬರ್ತೀರಾ?'

'ಕಂಬಕ್ಕೆ ಈಗ ತಾನೇ ಹೊಸ ಸುಣ್ಣ ಬಳಿದಿದ್ದಾರೆ. ಅದು ಒಣಗಲಿ' ಅಂದೆ.

ಅವಳು ಬುತ್ತಿಯನ್ನು ಎರಡು ಪಾಲು ಮಾಡಿ, ಒಂದು ಪಾಲು ನನ್ನ ಕೈಗೆ ಕೊಟ್ಟು ಹೋದಳು. ಜಗಳ ಆಡಿದ್ದರೆ ಚೆನ್ನಾಗಿತ್ತು. ಆಡಲಿಲ್ಲ.

ಮಂತ್ರಿ ಹೋದ. ಕೊನೆಗೆ ರಾಜ ಒಬ್ಬನೇ ಕೂತು ಭಾಷಣ ಕೇಳಿದ. ಕೇಳಿ, ಕಿರೀಟ ಬಿಚ್ಚಿ ಗೂಟಕ್ಕೆ ತೂಗುಹಾಕಿ, 'ಕೊಟ್ರಪ್ಪ, ನಾನೂ ಹೋಗಲಾ?' ಅಂದ.

'ಹೋಗಿ ಬನ್ನಿ ಬುದ್ಧಿ.'

'ನೀನು?'

'ಕಂಬ ಬೀಳುತ್ತೆ ಬುದ್ಧಿ.'

'ನಾನು ರಾಜನಾಗಿದ್ದಾಗ ನನಗೂ ಹಾಗೇ ಅನಿಸ್ತಿತ್ತು' ಅಂತ ಹೇಳಿ, ಬರಿಗಾಲಲ್ಲಿ ಹೊರಟುಹೋದ.

ಮುಂದಿನ ಗುರುವಾರ ಕೇಳೋಕೆ ಯಾರೂ ಇರಲಿಲ್ಲ. ನನಗೆ ನಾನೇ ಶಾಲು ಹೊದ್ದುಕೊಂಡೆ. ಆಮೇಲೆ ಒರಗೋಕೆ ಅಡ್ಡ ಆಗುತ್ತೆ ಅಂತ ಮಡಚಿಟ್ಟೆ. ಕಣ್ಣು ಮುಚ್ಚಿ ಕಂಬಕ್ಕೇ ಭಾಷಣ ಮಾಡಿದೆ. ಹಸಿವಾದಲ್ಲಿ ಉಣ್ಣೋದು, ನಿದ್ದೆ ಬಂದಲ್ಲಿ ಮಲಗೋದು. ಕಂಬ ಏನೂ ಅನ್ನಲಿಲ್ಲ. ಮರುದಿನ 'ಬಂದೆಯಾ' ಅಂತಲೂ ಕೇಳಲಿಲ್ಲ. ಮುನಿಸಿಕೊಂಡಿದೆ ಅಂದುಕೊಂಡೆ. ನಾನೂ ಅದರ ಮುಖ ನೋಡದೆ ಹಾಗೇ ಮೂರು ತಿಂಗಳು ಒರಗಿದೆ.

ಒಂದು ದಿನ ಕಾಗೆಯೊಂದು ಬಂದು ಎದುರಿಗೆ ಕೂತಿತು.

'ಏನು ಮಾಡ್ತಿದ್ದೀಯ?'

'ಕಂಬಕ್ಕೆ ಆಸರೆ ಕೊಡ್ತಿದ್ದೀನಿ.'

'ಯಾವ ಕಂಬಕ್ಕೆ?'

ತಿರುಗಿ ನೋಡಿದೆ. ಕಂಬ ಇರಲಿಲ್ಲ. ನಾನು ಕಣ್ಣು ಮುಚ್ಚಿ ಭಾಷಣ ಮಾಡುವಾಗಲೇ ಹೋಗಿತ್ತು. ಚಾವಣಿ ಮಾತ್ರ ಹಾಗೇ ಇತ್ತು, ಒಂದು ಹೆಂಚೂ ಕದಲಿರಲಿಲ್ಲ. ಮೂರು ತಿಂಗಳು ಗಾಳಿಗೆ ಒರಗಿ ನೆಟ್ಟಗೆ ನಿಂತಿದ್ದವನು, ಕಂಬ ಇಲ್ಲ ಅಂತ ಗೊತ್ತಾದ ತಕ್ಷಣ ದಬಕ್ಕನೆ ಬಿದ್ದೆ. ಮೆಟ್ಟಿಲ ಮೇಲೆ ಉರುಳಿಕೊಂಡು ಹೋಗಿ ಹೆಬ್ಬಾಗಿಲಿನ ಆಚೆ ನಿಂತೆ. ಆಚೆ ಬಂದದ್ದೇ ಆಯಿತಲ್ಲ ಅಂತ ನಡೆದೆ. ಕೇಳಿದೆಯಾ ಗುರುಬಸಪ್ಪ, ನಾನು ಹೊರಟದ್ದಲ್ಲ, ಬಿದ್ದದ್ದು.

ದಾರಿಯುದ್ದಕ್ಕೂ ಜನ ನನ್ನನ್ನು ಮುಂದೆ ಬಿಟ್ಟು, ಹಿಂದಿನಿಂದ ನೋಡಿ ನಗುತ್ತಿದ್ದರು. ಯಾಕೆ ಅಂತ ಗೊತ್ತಾಗಲಿಲ್ಲ. ಆರನೇ ಸಂತೆಯಲ್ಲಿ ಹಾಲಮ್ಮ ಸಿಕ್ಕಳು, ಹೀಗೇ ಭಟ್ಟಿ ಮುಂದೆ. ಬಿಸಿಲಿಗೆ ಕಪ್ಪಾಗಿದ್ದಳು, ಮೈ ತುಂಬಿಕೊಂಡಿದ್ದಳು. ಪಕ್ಕದ ಅಂಗಡಿಯವಳ ಜೊತೆ ಏನೋ ಹೇಳಿಕೊಂಡು ನಗುತ್ತಿದ್ದಳು. ನಾನು ಎದುರಿಗೆ ಹೋಗಿ ಎದೆಯುಬ್ಬಿಸಿ ನಿಂತೆ.

'ಬಿಟ್ಟು ಬಂದೆ ಕಣೆ' ಅಂದೆ. 'ಗಟ್ಟಿ ಮನಸ್ಸು ಮಾಡಿದೆ. ನೀನು ಹೋದ ಮಾರನೇ ದಿನವೇ ಬಿಟ್ಟೆ. ಊರೂರು ಹುಡುಕಿ ಹುಡುಕಿ ಈಗ ಸಿಕ್ಕೆ ನೋಡು.'

ಅವಳು ಎದ್ದು ಬಂದಳು. ನನ್ನ ಹೆಗಲು ಹಿಡಿದು ಹಿಂದಕ್ಕೆ ತಿರುಗಿಸಿದಳು. ಮಂಡಕ್ಕಿ ಗುಡಿಸುವ ಪೊರಕೆ ತಗೊಂಡು ಬೆನ್ನು ಗುಡಿಸಿದಳು. ಸುಣ್ಣ ಬಿತ್ತು. ಗುಡಿಸಿದಷ್ಟೂ ಬಿತ್ತು. ಆ ಕಂಬ ಹೋಗುವಾಗ ತನ್ನ ಮೈಮೇಲಿನ ಸುಣ್ಣವನ್ನೆಲ್ಲ ನನ್ನ ಬೆನ್ನಿಗೇ ಬಿಟ್ಟು ಹೋಗಿತ್ತು. ಸಂತೆಗೆ ಸಂತೆಯೇ ನೋಡುತ್ತಿತ್ತು. ನಾನು ಹೇಳಿದ ಸುಳ್ಳು ಇನ್ನೂ ನನ್ನ ಬಾಯಲ್ಲೇ ಇತ್ತು, ನುಂಗೋಕೂ ಆಗಲಿಲ್ಲ. ಎಲ್ಲಾದರೂ ಗುಂಡಿ ಇದ್ದರೆ ಇಳಿದುಬಿಡೋಣ ಅನಿಸಿತು.

ಗುಡಿಸಿ ಮುಗಿಸಿ, 'ಉಂಡಿದ್ದೀರಾ?' ಅಂತ ಕೇಳಿದಳು. ಅಷ್ಟೇ ಕೇಳಿದ್ದು. ಇವತ್ತಿಗೂ ಬೇರೇನೂ ಕೇಳಿಲ್ಲ. ನೀವೆಲ್ಲ ಬೆನ್ನು ಕಾಯಿಸಿಕೊಳ್ಳುತ್ತಾ ಕೂತಿದ್ದೀರಲ್ಲ, ಈ ಭಟ್ಟಿಗೆ ಬಳಿದಿರೋದು ಅದೇ ಸುಣ್ಣ. ಇನ್ನೂ ಅರ್ಧ ಚೀಲ ಇದೆ.

ಕತೆಗೆ ನೀತಿ ಬೇಕಲ್ಲ, ತಗೊಳ್ಳಿ. ಕೆಲಸ ಬಿಡುವವರು ಶಾಲು ಹೊದಿಸುವುದಕ್ಕೆ ಮುಂಚೆಯೇ ಹೊರಡಬೇಕು. ಹೊದ್ದ ಮೇಲೆ ಮೈ ಬೆಚ್ಚಗಾಗಿ, ಇನ್ನಷ್ಟು ಹೊತ್ತು ಕೂರೋಣ ಅನಿಸುತ್ತೆ. ಕತೆ ದಾರಿ ಹಿಡಿದು ಹೋಯಿತು, ಮಂಡಕ್ಕಿ ಅರಳಿ ಮುಗಿಯಿತು. ಏನು ಗುರುಬಸಪ್ಪ, ಎದ್ದುಬಿಟ್ಟೆ? ಗಿರಣಿ ಕಡೆಗಾ, ಊರಾಚೆಗಾ? ಇರು, ನಿನಗೊಂದು ಬೀಳ್ಕೊಡುಗೆ...

ಹೋಗೇಬಿಟ್ಟ. ಊರಾಚೆಗೇ ಹೋದ.

ಹಾಲಮ್ಮ ನನ್ನನ್ನೇ ನೋಡ್ತಿದ್ದಾಳೆ. 'ಸಂತೆ ನೆರೀತು. ಆ ಮಂಡಕ್ಕಿ ಚೀಲಕ್ಕೆ ಒರಗಿದ್ದು ಸಾಕು, ಏಳ್ರಿ.'

'ಚೀಲ ಬೀಳುತ್ತೆ ಕಣೆ' ಅಂದೆ.

ಅವಳು ಪೊರಕೆ ಕೈಗೆ ತಗೊಂಡಳು. ನಾನು ಎದ್ದೆ. ಚೀಲ ಬೀಳಲಿಲ್ಲ.