ಅರಿಶಿನದ ಬೆನಕ, ಗಾಜಿನ ಚುಕ್ಕೆ

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ಅಚಲಾನಂದರೆಂಬ ಗುರುಗಳಿದ್ದರು. ಅವರ ಶಿಷ್ಯೆ ಶರ್ವಾಣಿ ರೋಗಾಣುಗಳ ಶಾಸ್ತ್ರ ಓದಿ ಬಂದವಳು. ಆಶ್ರಮದ ಪುಟ್ಟ ಪ್ರಯೋಗಾಲಯವೇ ಅವಳ ಪಾಲಿನ ಸೇವೆ.

ಒಮ್ಮೆ ಆಶ್ರಮದಲ್ಲಿ ಕೆಲವರಿಗೆ ವಾಂತಿಭೇದಿ ಹಿಡಿಯಿತು.

"ಎಲ್ಲರೂ ನನ್ನ ಸಾರನ್ನೇ ಬೈತಿದ್ದಾರೆ ತಾಯಿ," ಎಂದು ಅಡುಗೆಯ ಸಂಕಣ್ಣ ಗೋಳಿಟ್ಟ. "ಸಾರು ಸಪ್ಪೆ ಅನ್ನಲಿ, ಒಪ್ಪಿಕೊಳ್ತೀನಿ. ವಿಷ ಅಂದರೆ ಹೇಗೆ?"

ಗುರುಗಳು ನಗಲಿಲ್ಲ. "ತೀರ್ಥದ ಕೊಳದ ನೀರು ನೋಡು, ಮಗಳೇ. ನಾಳಿದ್ದು ಹುಣ್ಣಿಮೆ. ಜನ ಮಕ್ಕಳುಮರಿ ಕಟ್ಟಿಕೊಂಡು ತೀರ್ಥಕ್ಕೆ ಬರ್ತಾರೆ."

ತೀರ್ಥದ ಮೇಲೆ ಅನುಮಾನವೇ? ಆದರೂ ಗುರುವಿನ ಮಾತೆಂದು ಶರ್ವಾಣಿ ಕೊಳದ ನೀರು ತುಂಬಿಕೊಂಡು ಬಂದಳು.

ಅವಳ ಬಳಿ ಮೈಕ್ರೊಅರೇ ಎಂಬ ಗಾಜಿನ ಫಲಕಗಳಿದ್ದವು. ಫಲಕದ ತುಂಬ ಕಣ್ಣಿಗೆ ಕಾಣದ ಚುಕ್ಕೆಗಳು. ಒಂದೊಂದು ಚುಕ್ಕೆಯಲ್ಲೂ ಒಂದೊಂದು ರೋಗಾಣುವಿನ ಡಿಎನ್‌ಎ ತುಣುಕು. ಆ ರೋಗಾಣು ನೀರಿನಲ್ಲಿದ್ದರೆ ಹೊಳೆವ ಬಣ್ಣ ಹಚ್ಚಿದ ಅದರ ಡಿಎನ್‌ಎ ಬಂದು ತನ್ನ ಜೋಡಿಯನ್ನೇ ಅಪ್ಪಿಕೊಳ್ಳುತ್ತದೆ. ಅಂಟದೆ ಉಳಿದದ್ದನ್ನು ತೊಳೆದು ಯಂತ್ರಕ್ಕಿಟ್ಟರೆ ಅಪ್ಪಿಕೊಂಡ ಚುಕ್ಕೆ ಹೊಳೆಯುತ್ತದೆ.

ಮಾರನೆಯ ದಿನ ಅವಳು ನಗುತ್ತ ಬಂದಳು. "ಒಂದು ಚುಕ್ಕೆಯೂ ಹೊಳೆಯಲಿಲ್ಲ ಗುರುಗಳೇ. ತೀರ್ಥ ಶುದ್ಧ."

ಗುರುಗಳು ಪೂಜೆಗೆಂದು ಅರಿಶಿನ ಕಲೆಸಿ ಬೆನಕನನ್ನು ಮಾಡುತ್ತಿದ್ದರು. "ಫಲಕ ಹೇಗೆ ತೊಳೆದೆ?"

"ಪೂಜೆಯ ಪಾತ್ರೆ ತೊಳೆದ ಹಾಗೆ. ಬಿಸಿನೀರಲ್ಲಿ, ಮತ್ತೆ ಮತ್ತೆ. ಒಂದಿಷ್ಟೂ ಮೈಲಿಗೆ ಉಳಿಯಬಾರದಲ್ಲ!"

ಗುರುಗಳು ಬೆನಕನನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ಸರಿಸಿದರು. ಪಕ್ಕದಲ್ಲೇ ನೀರು ತುಂಬಿದ ಕೊಡ.

"ಅಭಿಷೇಕ ಮಾಡು."

"ಅಯ್ಯೋ, ಕರಗಿಹೋಗ್ತಾನೆ!"

"ಮತ್ತೆ ಅವನಿಗೆ ಸ್ನಾನ ಹೇಗೆ?"

"ಹೂವನ್ನ ನೀರಲ್ಲಿ ಅದ್ದಿ, ಮೆಲ್ಲಗೆ ಪ್ರೋಕ್ಷಣೆ..."

ಮರುಗಳಿಗೆ ಅವಳು ಪ್ರಯೋಗಾಲಯದ ಕಡೆ ಓಡುತ್ತಿದ್ದಳು.

ಹುಣ್ಣಿಮೆಯ ಬೆಳಗು. ಕೊಳದ ಬಾಗಿಲಲ್ಲಿ ಆಗಲೇ ಜನ ಸೇರಿದ್ದರು. ಒಳಗೆ ಶರ್ವಾಣಿ ಹೊಸ ಫಲಕವನ್ನು ಹದವಾದ ನೀರಿನಲ್ಲಿ, ಮಲಗಿದ ಮಗುವಿನ ಮುಖ ಒರೆಸುವಷ್ಟು ಮೆಲ್ಲಗೆ ತೊಳೆದು ಯಂತ್ರಕ್ಕಿಟ್ಟಳು.

ಪರದೆಯೆಲ್ಲ ಕತ್ತಲು.

ಆ ಕತ್ತಲಲ್ಲಿ ಒಂದೇ ಒಂದು ಚುಕ್ಕೆ, ದೂರದ ಗುಡಿಯ ನಂದಾದೀಪದ ಹಾಗೆ.

ಅವಳಿಗೆ ಅರಿವಿಲ್ಲದೆಯೇ ಕೈಗಳು ಮುಗಿದುಕೊಂಡವು. ಅದು ಯಾವ ಚುಕ್ಕೆಯೆಂದು ಓದಿದವಳೇ ಕೊಳದ ಕಡೆ ಓಡಿದಳು.

ಕೊಳದ ಮೆಟ್ಟಿಲಲ್ಲಿ ಗುರುಗಳು ನಿಂತಿದ್ದರು.

"ಕಾಲರಾ, ಗುರುಗಳೇ," ಎಂದಳು, ಏದುಸಿರು ಬಿಡುತ್ತ. "ಅಷ್ಟು ದೊಡ್ಡ ಕೊಳ. ಅದರಲ್ಲಿ ಈ ರೋಗಾಣು ಎಳ್ಳಿನ ಮೊನೆಯಷ್ಟೂ ಇಲ್ಲ. ಆದರೂ ಅಷ್ಟು ಚುಕ್ಕೆಗಳ ನಡುವೆ ತನ್ನದನ್ನೇ ಹುಡುಕಿ ಹಿಡಿದುಕೊಂಡಿತ್ತು. ಮೊದಲ ಸಲ ನಾನೇ ತೊಳೆದು ಕಳೆದುಬಿಟ್ಟಿದ್ದೆ."

ಗುರುಗಳು ಕಣ್ಣು ಮುಚ್ಚಿ, ಅವಳ ಪ್ರಯೋಗಾಲಯದ ದಿಕ್ಕಿಗೆ ಕೈಮುಗಿದರು. ಆಮೇಲೆ ಮೆಟ್ಟಿಲು ಹತ್ತಿಹೋಗಿ ಕೊಳದ ಬಾಗಿಲನ್ನು ತಾವೇ ಎಳೆದು ಅಗುಳಿ ಹಾಕಿದರು.

ಆಚೆ ತಾಯಿಯೊಬ್ಬಳು ಮಗುವಿನ ಅಂಗೈಯನ್ನು ಬಟ್ಟಲು ಮಾಡಿ ಹಿಡಿಸಿಕೊಂಡು ಕಾಯುತ್ತಿದ್ದಳು.

ಶರ್ವಾಣಿ ಬಾಗಿಲ ಸಂದಿಯಿಂದ ಅವಳನ್ನು ನೋಡಿದಳು. "ಎಷ್ಟೋ ದೂರದಿಂದ ನಂಬಿ ಬಂದಿದ್ದಾರೆ. ಏನು ಹೇಳಲಿ ಇವರಿಗೆ?"

"ಇವತ್ತು ತೀರ್ಥ ಇಲ್ಲ ಅನ್ನು," ಎಂದರು ಗುರುಗಳು. "ಗಾಜಿನ ಚುಕ್ಕೆಯಲ್ಲಿ ದರ್ಶನ ಆಯಿತು ಅನ್ನು."