ಬೆಳ್ಳಕ್ಕಿ ಆರಿಸಿದ ತೀರ

ಕೆರೆಯ ಬೆಳ್ಳಕ್ಕಿಯೊಂದು ರಜೆ ಕಳೆಯಲು ದ್ವೀಪಕ್ಕೆ ಹಾರಿಬಂದು, ಕಡಲ ಬಂಡೆಯ ಮೇಲಿದ್ದ ಏಡಿಯನ್ನು ಕೇಳಿತು: "ಇಲ್ಲಿ ಎಲ್ಲಕ್ಕಿಂತ ಒಳ್ಳೆಯ ತೀರ ಯಾವುದು?"

"ಇದೇ," ಎಂದಿತು ಏಡಿ. "ನೀರು ಇಳಿದಾಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ಮೀನು ಉಳಿಯುತ್ತದೆ. ಕೊಕ್ಕು ಹಾಕಿದರೆ ಸಾಕು."

ಬೆಳ್ಳಕ್ಕಿ ಮುಖ ತಿರುಗಿಸಿತು. "ಮೀನಿನ ವಾಸನೆ ಕೆರೆಯಲ್ಲೇ ಬೇಕಾದಷ್ಟಿದೆ. ನನ್ನಂಥವರು ನಿಂತರೆ ನಾಲ್ಕು ಜನ ನೋಡುವಂಥ ಜಾಗ ಹೇಳು."

"ಹಾಗಾದರೆ ಆಚೆ ಬಿಳಿ ಮರಳಿದೆ. ಹೋಟೆಲಿನವರು ದಿನಾ ಗುಡಿಸುತ್ತಾರೆ. ಹುಡುಕಿದರೂ ಒಂದು ಹುಳ ಸಿಗುವುದಿಲ್ಲ."

ಬೆಳ್ಳಕ್ಕಿ ಅಲ್ಲಿಗೆ ಹೋಗಿ, ಕತ್ತು ನೀಳಮಾಡಿಕೊಂಡು ಮೂರು ದಿನ ಒಂಟಿ ಕಾಲಲ್ಲಿ ನಿಂತಿತು. ಬಿಳಿ ಮರಳಿನ ಮೇಲಿನ ಬಿಳಿ ಹಕ್ಕಿ ಯಾರ ಕಣ್ಣಿಗೂ ಬೀಳಲಿಲ್ಲ. ನಾಲ್ಕನೆಯ ದಿನ ಗುಡಿಸುವ ಹೆಂಗಸು ಅದನ್ನು ಪ್ಲಾಸ್ಟಿಕ್ ಚೀಲವೆಂದುಕೊಂಡು ಪೊರಕೆಯಿಂದ ತಳ್ಳಿದಳು.

ಹಸಿದ ಬೆಳ್ಳಕ್ಕಿ ತೂರಾಡುತ್ತ ಬಂಡೆಗೆ ಮರಳಿ, ಗುಂಡಿಗೆ ಕೊಕ್ಕು ಹಾಕಿತು.

"ಹೇಗಿತ್ತು ಆ ತೀರ?" ಎಂದಿತು ಏಡಿ.

"ಅಂಥದ್ದು ಲೋಕದಲ್ಲೇ ಇನ್ನೊಂದಿಲ್ಲ," ಎಂದಿತು ಬೆಳ್ಳಕ್ಕಿ, ಬಾಯಿ ತುಂಬ ಮೀನಿಟ್ಟುಕೊಂಡು.

"ಊರಲ್ಲೂ ಹಾಗೆಯೇ ಹೇಳು," ಎಂದಿತು ಏಡಿ. "ನಿನ್ನವರೆಲ್ಲ ಅಲ್ಲಿಗೇ ಹೋಗಲಿ. ಈ ಬಂಡೆ ನಮಗೆ ಉಳಿಯುತ್ತದೆ."